ಕೆರೆಗೆ ಯಜಮಾನರು ಹತ್ತು, ಕಾವಲಿಗೆ ಒಬ್ಬನೂ ಇಲ್ಲ!

2019ರ ನವೆಂಬರ್ 24, ಭಾನುವಾರ. ಬನ್ನೇರುಘಟ್ಟ ರಸ್ತೆ ಪಕ್ಕದ ಹುಳಿಮಾವು ಕೆರೆ ಏರಿ ಒಡೆಯಿತು. ಮಳೆಗೆ ಒಡೆದದ್ದಲ್ಲ, ಏರಿಯನ್ನು ಅಗೆದಿದ್ದಕ್ಕೆ ಒಡೆದದ್ದು. ನೂರಾರು ಮನೆಗಳಿಗೆ ನೀರು ನುಗ್ಗಿತು. ಅಗೆಯಲು ಹೇಳಿದವರ್ಯಾರು ಎಂದರೆ ಇಲಾಖೆಗಳದ್ದು ಒಂದೇ ಪಲ್ಲವಿ: ‘ನಾವಲ್ಲ.’

ಹಿಂದೆ ಊರಿಗೊಬ್ಬ ನೀರುಗಂಟಿ ಇರುತ್ತಿದ್ದ. ತೂಬು ಎತ್ತುವವನೂ ಅವನೇ, ಏರಿ ಬಿರುಕು ಬಿಟ್ಟರೆ ಕೂಗಿ ಹೇಳುವವನೂ ಅವನೇ. ತಪ್ಪಿದರೆ ಊರವರು ಅವನ ಮನೆ ಬಾಗಿಲಲ್ಲೇ ನಿಂತು ಕೇಳುತ್ತಿದ್ದರು. ಈಗ ಯಾರ ಬಾಗಿಲಿಗೆ ಹೋಗೋದು ಸ್ವಾಮಿ? 2002ರಲ್ಲಿ ಕೆರೆ ಅಭಿವೃದ್ಧಿ ಪ್ರಾಧಿಕಾರ ಬಂತು. 2014ರಲ್ಲಿ ಕಾಯಿದೆ ಮಾಡಿ ಇನ್ನೊಂದು ಪ್ರಾಧಿಕಾರ. 2018ರಲ್ಲಿ ಅದನ್ನೂ ಮುಚ್ಚಿ ಅಧಿಕಾರ ಸಣ್ಣ ನೀರಾವರಿ ಕಡೆಗೆ. ಬೋರ್ಡು ಬದಲಾಯಿತು, ಹೂಳು ಮಾತ್ರ ಅಲ್ಲೇ ಉಳಿಯಿತು.

ಜೆ.ಪಿ. ನಗರ 7ನೇ ಹಂತದ ಪುಟ್ಟೇನಹಳ್ಳಿ ಕೆರೆ ನೋಡಿ. 2010ರಲ್ಲಿ ಸುತ್ತಲಿನ ನಿವಾಸಿಗಳೇ ಟ್ರಸ್ಟ್ ಕಟ್ಟಿದರು. 2011ರಲ್ಲಿ ಪಾಲಿಕೆ ಜತೆ ಒಪ್ಪಂದ ಮಾಡಿಕೊಂಡು ನಿರ್ವಹಣೆಗೆ ಇಳಿದರು. ಮುಂದೆ ಪಕ್ಕದ ಅಪಾರ್ಟ್‌ಮೆಂಟಿನ ಶುದ್ಧೀಕರಿಸಿದ ನೀರನ್ನೂ ಕೆರೆಗೆ ತರಿಸಿದರು. ಕಳೆ ಕೀಳಿಸೋದಕ್ಕೆ, ಕೊಳಚೆ ನುಗ್ಗಿದ್ದನ್ನು ಪತ್ತೆ ಹಚ್ಚೋದಕ್ಕೆ ವಿಧಾನಸೌಧದಿಂದ ಯಾರೂ ಬರಬೇಕಿಲ್ಲ. ಸಂಜೆ ವಾಕಿಂಗ್ ಬರುವವರ ಕಣ್ಣು ಸಾಕು. ಆದರೆ ಒಪ್ಪಂದ ಅನ್ನೋದು ಸರ್ಕಾರ ಕೊಟ್ಟ ಭಿಕ್ಷೆ. ಅವಧಿ ಮುಗಿದರೆ ಮತ್ತೆ ಅರ್ಜಿ ಹಿಡಿದು ನಿಲ್ಲಬೇಕು.

ಹಾಗಂತ ಎಲ್ಲವನ್ನೂ ಬಡಾವಣೆಯವರಿಗೆ ಬಿಟ್ಟರೂ ಆಗದು. 2015ರ ಏಪ್ರಿಲ್‌ನಲ್ಲಿ ಸಾರಕ್ಕಿ ಕೆರೆ ಒತ್ತುವರಿ ತೆರವಾದದ್ದು ಜಿಲ್ಲಾಡಳಿತ ಪೊಲೀಸರೊಂದಿಗೆ ಇಳಿದಾಗ. ಒತ್ತುವರಿ ಮಾಡಿದವನು ಪಕ್ಕದ ಬೀದಿಯವನೇ ಆದರೆ ನೆರೆಯವರು ಅವನನ್ನು ಎಬ್ಬಿಸೋದುಂಟೇ? ಮಡಿವಾಳ ಕೆರೆ ನೀರು ಅಗರಕ್ಕೆ, ಅಲ್ಲಿಂದ ಬೆಳ್ಳಂದೂರಿಗೆ. ಮೇಲಿನವರು ಕೊಳಚೆ ಬಿಟ್ಟರೆ ಕೆಳಗಿನವರು ಏನು ಮಾಡಿಯಾರು?

ಆದ್ದರಿಂದ ಕೆಲಸ ಹಂಚಲಿ. ಸರ್ವೆ, ಒತ್ತುವರಿ, ರಾಜಕಾಲುವೆ ಸರ್ಕಾರಕ್ಕಿರಲಿ. ಏರಿ, ತೂಬು, ಕಾವಲು, ಖರ್ಚಿನ ಲೆಕ್ಕ ವಾರ್ಡ್ ಸಮಿತಿಗೆ ಬರಲಿ, ಅದೂ ಕಾಯಿದೆಯಿಂದಲೇ. ಸಮಿತಿಯ ಒಪ್ಪಿಗೆ ಇಲ್ಲದೆ ಏರಿ ಮೇಲೆ ಗುದ್ದಲಿ ಬೀಳಬಾರದು.

ಆದರೆ ವಾರ್ಡಿನ ದನಿ ಎಲ್ಲಿತ್ತು? 2020ರ ಸೆಪ್ಟೆಂಬರ್ 10ಕ್ಕೆ ಪಾಲಿಕೆ ಸದಸ್ಯರ ಅವಧಿ ಮುಗಿಯಿತು. 2025ರ ಸೆಪ್ಟೆಂಬರ್‌ನಲ್ಲಿ ಒಂದು ಪಾಲಿಕೆ ಐದಾಗುವವರೆಗೂ ಚುನಾವಣೆಯೇ ನಡೆಯಲಿಲ್ಲ. ಐದು ವರ್ಷ ಅಧಿಕಾರಿಗಳದ್ದೇ ದರ್ಬಾರು.

ಕುರ್ಚಿ ಐದಾದರೂ ಸರಿ, ಐವತ್ತಾದರೂ ಸರಿ. ನಾಳೆ ಇನ್ನೊಂದು ಏರಿ ಅಗೆಯಲು ಬಂದರೆ ತಡೆಯುವವರು ಯಾರು? ಅದನ್ನು ಮೊದಲು ಬರೆದು ಕೊಡಲಿ.