ಎರಡು ದೋಣಿಯ ಕರ್ನಲ್



ಹತ್ತನೆಯ ತರಗತಿಯ ಪರೀಕ್ಷೆ ಹತ್ತಿರ ಬಂತೆಂದರೆ ನಮ್ಮ ಮನೆಗಳಲ್ಲಿ ಕ್ರಿಕೆಟ್ ಬ್ಯಾಟು ಅಟ್ಟ ಸೇರುತ್ತದೆ. "ಎರಡು ದೋಣಿಯಲ್ಲಿ ಕಾಲಿಡಬೇಡ, ಆಟವೋ ಪಾಠವೋ, ಒಂದನ್ನು ಹಿಡಿ" ಎಂಬ ಮಾತು ಕೊಲಾಬಾದಿಂದ ಡೊಂಬಿವಲಿಯವರೆಗೆ ಎಲ್ಲ ಕನ್ನಡ ಮನೆಗಳಲ್ಲೂ ಒಂದೇ. ಹಿರಿಯರ ಮಾತಿನಲ್ಲಿ ಹುರುಳಿದೆ. ಆದರೆ ಎರಡು ದೋಣಿಯಲ್ಲಿ ಕಾಲಿಟ್ಟೂ ದಡ ಸೇರಿದವರೊಬ್ಬರು ನಮ್ಮ ಮುಂಬಯಿಯಲ್ಲೇ ಇದ್ದರು. ಅವರು ಲೆಫ್ಟಿನೆಂಟ್ ಕರ್ನಲ್ ಹೇಮಚಂದ್ರ ಅಧಿಕಾರಿ, ಎಲ್ಲರ ಬಾಯಲ್ಲಿ ಹೇಮು ಅಧಿಕಾರಿ.

1919ರಲ್ಲಿ ಪುಣೆಯಲ್ಲಿ ಹುಟ್ಟಿದ ಅಧಿಕಾರಿ ಹದಿನೇಳರ ಹರೆಯದಲ್ಲೇ ರಣಜಿ ಪಂದ್ಯ ಆಡಿದರು. ಆಮೇಲೆ ಬಂದದ್ದು ಮಹಾಯುದ್ಧ. ಆ ವರ್ಷಗಳಲ್ಲಿ ಟೆಸ್ಟ್ ಪಂದ್ಯಗಳೇ ಇರಲಿಲ್ಲ. ಮೊದಲ ಟೆಸ್ಟ್ ಆಡಿದಾಗ ಅವರಿಗೆ 28 ವರ್ಷ. 1947ರ ನವೆಂಬರ್, ಆಸ್ಟ್ರೇಲಿಯದ ಬ್ರಿಸ್ಬೇನ್. ಮರುವರ್ಷ ದೆಹಲಿಯಲ್ಲಿ ವೆಸ್ಟ್ ಇಂಡೀಸ್ ವಿರುದ್ಧ ಔಟಾಗದೆ 114 ಹೊಡೆದರು.

ಸೇನಾಧಿಕಾರಿಗೆ ಕರ್ತವ್ಯ ಮೊದಲು, ಆಟ ಆಮೇಲೆ. ಅವರ ಮೊದಲ ಟೆಸ್ಟಿನಿಂದ ಕೊನೆಯ ಟೆಸ್ಟಿನವರೆಗೆ ಭಾರತ ಆಡಿದ್ದು 47 ಟೆಸ್ಟ್. ಅವರು ಆಡಿದ್ದು 21, ಗಳಿಸಿದ್ದು 872 ರನ್. ಎರಡು ದೋಣಿಯ ಪಯಣ ಪುಕ್ಕಟೆಯದಲ್ಲ, ನೆನಪಿರಲಿ.

ಆದರೆ ಸಿಕ್ಕ ಅವಕಾಶವನ್ನು ಅವರು ಹೇಗೆ ಬಳಸಿದರು ನೋಡಿ. 1952ರಲ್ಲಿ ದೆಹಲಿಯಲ್ಲಿ ಭಾರತ–ಪಾಕಿಸ್ತಾನದ ಮೊತ್ತಮೊದಲ ಟೆಸ್ಟ್. 263ಕ್ಕೆ 9 ವಿಕೆಟ್ ಬಿದ್ದಿತ್ತು. ಕೊನೆಯ ಆಟಗಾರ ಗುಲಾಮ್ ಅಹ್ಮದ್ ಜೊತೆ ನಿಂತು 109 ರನ್ ಸೇರಿಸಿದರು. ಸ್ವತಃ 81, ಔಟಾಗದೆ. ಭಾರತಕ್ಕೆ ಇನಿಂಗ್ಸ್ ಜಯ. ಕೊನೆಯ ವಿಕೆಟಿನ ಆ ಭಾರತೀಯ ದಾಖಲೆಯನ್ನು ಮುರಿದದ್ದು 2004ರಲ್ಲಿ, ತೆಂಡೂಲ್ಕರ್ ಮತ್ತು ಜಹೀರ್ ಖಾನ್.

ಸೇನೆಯೂ ಅವರ ಆಟದಿಂದ ಬೆಳೆಯಿತು. 1956–57 ಮತ್ತು 1957–58ರಲ್ಲಿ ಸರ್ವಿಸಸ್ ತಂಡ ಸತತವಾಗಿ ರಣಜಿ ಫೈನಲ್ ತಲುಪಿತು. ಆ ಕಾಲದಲ್ಲಿ ಸರ್ವಿಸಸ್ ಪರ ಆಡುತ್ತಿದ್ದ, ವಾಯುಪಡೆಯ ವಿ.ಎಂ. ಮುದ್ದಯ್ಯ ನಮ್ಮ ಬೆಂಗಳೂರಿನವರು. ಮುಂದೆ ಅವರೂ 2 ಟೆಸ್ಟ್ ಆಡಿದರು.

1958–59ರಲ್ಲಿ ವೆಸ್ಟ್ ಇಂಡೀಸ್ ಎದುರು ಭಾರತ ಒಂದೇ ಸರಣಿಯಲ್ಲಿ ನಾಲ್ವರು ನಾಯಕರನ್ನು ಕಂಡಿತು. ನಾಲ್ಕನೆಯವರು ಅಧಿಕಾರಿ. ವಯಸ್ಸು 39. ದೆಹಲಿಯ ಆ ಟೆಸ್ಟಿನಲ್ಲಿ 63 ಮತ್ತು 40 ರನ್ ಮಾಡಿ, 3 ವಿಕೆಟ್ ಪಡೆದು, ಪಂದ್ಯ ಡ್ರಾ ಆದ ಮೇಲೆ ಟೆಸ್ಟ್ ಆಟಕ್ಕೆ ವಿದಾಯ ಹೇಳಿದರು.

ನಿಜವಾದ ಫಲ ಆಮೇಲೆ ಬಂತು. ಕವರ್‌ನಲ್ಲಿ ಹೆಸರಾಂತ ಫೀಲ್ಡರ್ ಆಗಿದ್ದ ಕರ್ನಲ್ 1971ರ ಇಂಗ್ಲೆಂಡ್ ಪ್ರವಾಸಕ್ಕೆ ಮ್ಯಾನೇಜರ್ ಆದರು. ಫೀಲ್ಡಿಂಗಿಗೂ ಮೈಕಟ್ಟಿಗೂ ಸೇನೆಯ ಶಿಸ್ತು ಬಂತು. ಓವಲ್‌ನಲ್ಲಿ ಮೈಸೂರಿನ ಚಂದ್ರಶೇಖರ್ 38 ರನ್ನಿಗೆ 6 ವಿಕೆಟ್ ಕಿತ್ತರು. ಹಿಂದೂ ಜಿಮಖಾನಾದ ಮೈದಾನ ನೋಡಿಕೊಳ್ಳುತ್ತಿದ್ದವರ ಮಗ ಏಕನಾಥ್ ಸೋಲ್ಕರ್ ನೆಲಕ್ಕೆ ಹಾರಿ ಕ್ಯಾಚ್ ಹಿಡಿದರು. ಭದ್ರಾವತಿಯಲ್ಲಿ ಹುಟ್ಟಿದ ವಿಶ್ವನಾಥ್ 33 ರನ್ ಸೇರಿಸಿದರು. ಆಗಸ್ಟ್ 24ರಂದು ಭಾರತ ಇಂಗ್ಲೆಂಡಿನ ನೆಲದಲ್ಲಿ ಮೊದಲ ಬಾರಿ ಗೆದ್ದಿತು. 1974ರಲ್ಲಿ ಇದೇ ಕರ್ನಲ್ ಮ್ಯಾನೇಜರ್ ಆಗಿದ್ದಾಗ ಲಾರ್ಡ್ಸ್‌ನಲ್ಲಿ 42ಕ್ಕೆ ಆಲೌಟ್ ಆದದ್ದೂ ಉಂಟು. ಗೆಲುವಿನ ಹಾರ ಹಾಕಿಸಿಕೊಂಡ ಕೊರಳೇ ಸೋಲಿನ ಭಾರವನ್ನೂ ಹೊತ್ತಿತು.

2003ರ ಅಕ್ಟೋಬರ್ 25ರಂದು ಮುಂಬಯಿಯಲ್ಲಿ ಅವರು ಕಣ್ಣು ಮುಚ್ಚಿದರು.

ಮನೆಯಲ್ಲಿ ಕನ್ನಡ, ಬೀದಿಯಲ್ಲಿ ಮರಾಠಿ, ಕಾಲೇಜಿನಲ್ಲಿ ಇಂಗ್ಲಿಷ್. ಎರಡಲ್ಲ, ಮೂರು ದೋಣಿಯ ಪಯಣ ನಿಮ್ಮದು. ಆಟವೋ ಪಾಠವೋ, ಆ ಊರೋ ಈ ಊರೋ ಎಂಬ ಪ್ರಶ್ನೆ ಬಂದಾಗ ಕರ್ನಲ್ ಸಾಹೇಬರನ್ನು ನೆನೆಯಿರಿ. ಎರಡನ್ನೂ ಹಿಡಿಯಬಹುದು. ಒಂದಕ್ಕೆ ಕೊಟ್ಟ ಹೊತ್ತು ಇನ್ನೊಂದಕ್ಕೆ ಸಿಗದು ಎಂಬ ಲೆಕ್ಕ ಮಾತ್ರ ಮೊದಲೇ ತಿಳಿದಿರಲಿ. ಈ ಭಾನುವಾರ ಅಟ್ಟದ ಬ್ಯಾಟು ಇಳಿಸಲು ಅಪ್ಪನ ಅನುಮತಿ ಕೇಳಿ. ಪುಸ್ತಕ ಮುಚ್ಚುವ ಹೊತ್ತನ್ನೂ ನೀವೇ ಹೇಳಿಬಿಡಿ.