ಮಸಿಯ ಮೇಲೆ ಬಣ್ಣ ಹೊಡೆಸಬೇಡಿ

ಅಡುಗೆಮನೆಯಲ್ಲಿ ಎಣ್ಣೆಗೆ ಬೆಂಕಿ ಹತ್ತಿ ಆರಿತೆಂದರೆ ಮರುದಿನ ಬೆಳಿಗ್ಗೆ ಆ ಮನೆಯವರು ಮೊದಲು ಫೋನ್ ಮಾಡುವುದು ನನ್ನಂಥವರಿಗೆ. ನಾನು ದಾವಣಗೆರೆಯಲ್ಲಿ ಬಣ್ಣದ ಕೆಲಸ ಹಿಡಿಯುವ ಮೇಸ್ತ್ರಿ. ಅಪ್ಪ ಸುಣ್ಣ ಹೊಡೆಯುತ್ತಿದ್ದರು, ನಾನು ಎಮಲ್ಷನ್ ಕಾಲದವನು. “ಮೇಸ್ತ್ರಿ, ಇವತ್ತೇ ಬಂದು ಎರಡು ಕೋಟ್ ಹೊಡೆದುಬಿಡ್ರಿ, ಓನರ್ ನೋಡೋದರೊಳಗೆ ಮುಗೀಬೇಕು” ಅನ್ನುತ್ತಾರೆ. ಸ್ವಂತ ಮನೆಯವರಾದರೆ ಹಬ್ಬಕ್ಕೆ ಬೀಗರು ಬರುವುದರೊಳಗೆ ಮುಗಿಯಬೇಕು. ನನ್ನ ಉತ್ತರ ಒಂದೇ: ಬಣ್ಣ ಆಮೇಲೆ, ಮೊದಲು ತೊಳೆಸಿ, ತೊಳೆಯುವವರ ಕೈಗೆ ಗ್ಲೌಸ್ ಕೊಡಿ, ಅವರ ಕೂಲಿ ಕೊಡಿ. ಇಷ್ಟು ಕೇಳಿದ ಕೂಡಲೇ ಎಷ್ಟೋ ಜನ ಬೇರೆ ಮೇಸ್ತ್ರಿಯನ್ನು ನೋಡಿಕೊಳ್ಳುತ್ತಾರೆ. ಫೋನಿನಲ್ಲಿ ಪೂರ್ತಿ ಹೇಳಲಾಗದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ನಮ್ಮೂರು ಕರಿದ ತಿಂಡಿಯ ಊರು. ಸಂಜೆಯಾದರೆ ಮಿರ್ಚಿ, ಮಂಡಕ್ಕಿ. ಹಬ್ಬ ಬಂದರೆ ಕರ್ಜಿಕಾಯಿ, ಚಕ್ಕುಲಿ. ಕರಿಯಲು ಎಣ್ಣೆ 180 ಡಿಗ್ರಿಯ ಆಸುಪಾಸು ಕಾದರೆ ಸಾಕು. ರಿಫೈನ್ಡ್ ಸೂರ್ಯಕಾಂತಿ ಎಣ್ಣೆ ಸುಮಾರು 230 ಡಿಗ್ರಿಗೆ ಹೊಗೆಯಾಡುತ್ತದೆ, 350 ದಾಟಿ ಇನ್ನೂ ಕಾದರೆ ಕಿಡಿಯೂ ಬೇಡ, ತಾನಾಗಿಯೇ ಹೊತ್ತಿಕೊಳ್ಳುತ್ತದೆ. ಬಾಗಿಲಿಗೆ ಯಾರೋ ಬಂದರು, ಫೋನ್ ಬಂತು, ಮಗು ಅತ್ತಿತು, ಅಷ್ಟು ಹೊತ್ತು ಸಾಕು. ಆಗ ಗ್ಯಾಸ್ ಆರಿಸಿ, ಬಾಣಲೆಗೆ ಅಗಲವಾದ ತಟ್ಟೆ ಮುಚ್ಚಬೇಕು. ನೀರು ಹಾಕಿದರೆ ಅದು ಎಣ್ಣೆಯ ಅಡಿಗಿಳಿದು ಒಮ್ಮೆಲೇ ಆವಿಯಾಗಿ, ಸುಮಾರು 1,700 ಪಟ್ಟು ಹಿಗ್ಗಿ, ಉರಿಯುವ ಎಣ್ಣೆಯನ್ನು ಸೂರಿಗೇ ಎರಚುತ್ತದೆ. ಕೈಮೀರಿದರೆ ಮನೆ ಬಿಟ್ಟು ಹೊರಬಂದು 101 ಅಥವಾ 112ಕ್ಕೆ ಫೋನ್ ಮಾಡಿ. ಇದನ್ನು ಹೇಳುವವರು ಬಹಳ ಜನ ಇದ್ದಾರೆ. ಬೆಂಕಿ ಆರಿದ ಮೇಲಿನ ಮಾತನ್ನು ಹೇಳುವವರು ಕಡಿಮೆ.

ಎಣ್ಣೆ ಉರಿದ ಮಸಿ ಸೌದೆಯ ಮಸಿಯಲ್ಲ. ಸೌದೆ ಒಲೆಯ ಮನೆಗಳಲ್ಲಿ ಜಂತಿಯಿಂದ ಇಲ್ಲಣ ಜೋತಾಡುತ್ತಿದ್ದುದನ್ನು ಹಿರಿಯರು ನೋಡಿದ್ದಾರೆ. ಅದರ ಬಹುಪಾಲು ಉದ್ದನೆಯ ಪೊರಕೆಗೆ ಉದುರುತ್ತಿತ್ತು. ಎಣ್ಣೆಯ ಮಸಿಯಲ್ಲಿ ಜಿಡ್ಡು ಇರುತ್ತದೆ, ಬೆರಳಿಟ್ಟರೆ ಬೆರಳಿಗೇ ಅಂಟುತ್ತದೆ. ಅಡುಗೆಮನೆಯಲ್ಲೇ ನಿಲ್ಲುವುದೂ ಇಲ್ಲ. ಬಿಸಿ ಹೊಗೆ ಮೇಲೇರಿ, ಬಾಗಿಲ ಮೇಲ್ಗಡೆಯಿಂದ ನುಗ್ಗಿ, ತಣ್ಣಗಿರುವ ಜಾಗ ಎಲ್ಲಿದೆಯೋ ಅಲ್ಲಿ ಹೋಗಿ ಕೂರುತ್ತದೆ. ಹಾಗಾಗಿ ಒಲೆಯಿಂದ ದೂರದ ಮಲಗುವ ಕೋಣೆಯಲ್ಲಿ, ಬೀರುವಿನ ಹಿಂದಿನ ಹೊರಗೋಡೆಯಲ್ಲಿ, ಫ್ಯಾನ್ ರೆಕ್ಕೆಯ ಮೇಲ್ಭಾಗದಲ್ಲಿ, ಕಿಟಕಿಯ ಸರಳಿನಲ್ಲಿ ಅದು ಸಿಗುತ್ತದೆ. ಫ್ರಿಜ್ ಬಾಗಿಲಿನ ರಬ್ಬರಿನ ಮಡಿಕೆ ಬಿಡಿಸಿ ನೋಡಿ, ಅಲ್ಲೂ ಇರುತ್ತದೆ. ಮೂಲೆಗಳಲ್ಲಿ ಕಪ್ಪು ಎಳೆಗಳು ನೇತಾಡುತ್ತಿದ್ದರೆ ಅದನ್ನು ಜೇಡನ ಬಲೆ ಎಂದುಕೊಂಡು ಪೊರಕೆ ಆಡಿಸುತ್ತಾರೆ. ಮಸಿಯ ಕಣಗಳೇ ಒಂದಕ್ಕೊಂದು ಅಂಟಿಕೊಂಡು ಆದ ಎಳೆಗಳವು. ಪೊರಕೆ ತಾಗಿದರೆ ಗೋಡೆಗೆ ಉದ್ದಕ್ಕೂ ಗೀರು ಬೀಳುತ್ತದೆ.

ಇದರ ಮೇಲೆ ನೇರವಾಗಿ ಬಣ್ಣ ಹೊಡೆದರೆ ಏನಾಗುತ್ತದೆ? ಮೊದಲ ದಿನ ಗೋಡೆ ಬೆಳ್ಳಗೆ ಕಾಣುತ್ತದೆ, ಮನೆಯವರು ದುಡ್ಡು ಕೊಟ್ಟು ಕಳಿಸುತ್ತಾರೆ. ನೀರಿನಲ್ಲಿ ಕಲಸುವ ಎಮಲ್ಷನ್ ಅಡಿಯ ಕಂದು ಕಲೆಯನ್ನು ಮೇಲಕ್ಕೆ ಎಳೆದುಕೊಳ್ಳುತ್ತದೆ. ಸ್ವಲ್ಪ ಕಾಲದಲ್ಲೇ ಹಳದಿ ಮಚ್ಚೆಗಳು ಮೂಡುತ್ತವೆ. ಜಿಡ್ಡಿನ ಮೇಲೆ ಕೂತ ಬಣ್ಣಕ್ಕೆ ಗೋಡೆಯ ಹಿಡಿತವೇ ಇರುವುದಿಲ್ಲ, ಮಳೆಗಾಲದ ತೇವಕ್ಕೆ ಹಪ್ಪಳದ ಹಾಗೆ ಏಳುತ್ತದೆ. ವಾಸನೆಯಂತೂ ಹೋಗಿರುವುದೇ ಇಲ್ಲ. ಕರ್ಪೂರ ಹಚ್ಚಿದರೂ ಸ್ಪ್ರೇ ಹೊಡೆದರೂ ತಾತ್ಕಾಲಿಕ, ಏಕೆಂದರೆ ವಾಸನೆ ಹೊರಡುವ ಜಾಗ ಗೋಡೆಯ ಮೇಲೆ ಹಾಗೇ ಇದೆ. ಬಾಡಿಗೆ ಮನೆಯಾದರೆ ಇದೆಲ್ಲ ಮುಂದೆ ಬರುವ ಬಾಡಿಗೆದಾರರ ತಲೆಗೆ. ಖಾಲಿ ಮಾಡುವವರ ಅಡ್ವಾನ್ಸಿನಲ್ಲಿ ‘ಪೇಂಟಿಂಗ್ ಖರ್ಚು’ ಎಂದು ಮುರಿದುಕೊಳ್ಳುವ ಮಾಲೀಕರು ಆ ದುಡ್ಡಿನಲ್ಲಿ ಒಂದು ಪಾಲನ್ನು ತೊಳೆಯುವುದಕ್ಕೆ ಇಟ್ಟದ್ದನ್ನು ನಾನು ಅಪರೂಪಕ್ಕೆ ನೋಡಿದ್ದೇನೆ. ಇದು ತಪ್ಪು. ಹಣ ಮುರಿದುಕೊಂಡ ಮೇಲೆ ಕೆಲಸ ಪೂರ್ತಿ ಮಾಡಿಸುವುದು ಅವರ ಹೊಣೆ.

ತೊಳೆಯುವುದಕ್ಕೂ ಒಂದು ಕ್ರಮ ಇದೆ. ಮೊದಲ ಬಕೆಟ್ ನೀರು ಎತ್ತುವ ಮುಂಚೆ ಎಲ್ಲವನ್ನೂ ಫೋಟೊ ತೆಗೆದಿಟ್ಟುಕೊಳ್ಳಿ, ಯಾಕೆಂದು ಮುಂದೆ ಹೇಳುತ್ತೇನೆ. ಕಿಟಕಿ ತೆರೆಯಿರಿ, ಎಸಿ ಹಾಕಬೇಡಿ. ಹಾಕಿದರೆ ಮಸಿ ಅದರೊಳಗೂ ಹೋಗಿ ಮನೆಯೆಲ್ಲ ಸುತ್ತುತ್ತದೆ. ವೈರಿನ ಪ್ಲಾಸ್ಟಿಕ್ ಸುಟ್ಟಿದ್ದರೆ ಆ ಹೊಗೆಯಲ್ಲಿ ಆಮ್ಲ ಇರುತ್ತದೆ, ತೇವ ಸೇರಿದರೆ ಲೋಹವನ್ನು ತಿನ್ನುತ್ತದೆ. ಸ್ವಿಚ್ ಬೋರ್ಡ್, ಮಿಕ್ಸಿ, ಚಿಮಣಿಯನ್ನು ಎಲೆಕ್ಟ್ರಿಷಿಯನ್ ನೋಡುವ ತನಕ ಮುಟ್ಟಬೇಡಿ. ಬೆಂಕಿ ಆರಿಸಲು ಪುಡಿಯ ಸಿಲಿಂಡರ್ ಬಳಸಿದ್ದರೆ ಆ ಪುಡಿಯನ್ನೂ ಒಣಗಿದ್ದಾಗಲೇ ತೆಗೆಯಬೇಕು. ಎಬಿಸಿ ಎಂದು ಬರೆದಿರುವ ಸಿಲಿಂಡರಿನ ಅಮೋನಿಯಂ ಫಾಸ್ಫೇಟ್ ಪುಡಿ ನೀರು ಸೋಕಿದರೆ ಬರ್ನರನ್ನೂ ವೈರಿನ ತುದಿಗಳನ್ನೂ ಹಾಳು ಮಾಡುತ್ತದೆ.

ಗೋಡೆಗೂ ಮೊದಲು ಒಣ ಕೆಲಸವೇ. ವ್ಯಾಕ್ಯೂಮ್ ಇದ್ದರೆ ಅದರ ಬಾಯಿ ಗೋಡೆಗೆ ತಾಗದ ಹಾಗೆ ಹಿಡಿದು ಸಡಿಲ ಮಸಿಯನ್ನು ಎಳೆಯಿರಿ. ಇಲ್ಲದಿದ್ದರೆ ಒಣ ಹತ್ತಿ ಬಟ್ಟೆಯನ್ನು ಒತ್ತಿ ಎತ್ತಿ, ಪ್ರತಿ ಸಲ ಮಡಿಕೆ ಬದಲಿಸಿ, ಉಜ್ಜಬೇಡಿ. ಅಡುಗೆಮನೆಯಿಂದ ದೂರದ ಕೋಣೆಗಳಲ್ಲಿ ತೆಳುವಾಗಿ ಕೂತ ಮಸಿಗೆ ನಾನು ಚಪಾತಿ ಹಿಟ್ಟನ್ನು ಗಟ್ಟಿಯಾಗಿ ಕಲಸಿ ಗೋಡೆಗೆ ಒತ್ತಿ ಎತ್ತುತ್ತೇನೆ. ನೋಡಿದವರು ಬೆರಗಾಗುತ್ತಾರೆ. ಮಕ್ಕಳು ಆಡುವ ಪ್ಲೇ-ಡೋ ಹುಟ್ಟಿದ್ದೇ ಹೀಗೆ: ಅಮೆರಿಕದ ಸಿನ್ಸಿನಾಟಿಯ ಕುಟಾಲ್ ಕಂಪನಿ ಮನೆಯ ಗೋಡೆಕಾಗದದ ಮೇಲಿನ ಕಲ್ಲಿದ್ದಲ ಮಸಿ ತೆಗೆಯಲು ಮಾಡುತ್ತಿದ್ದ ಹಿಟ್ಟು ಅದು, 1956ರಲ್ಲಿ ಆಟಿಕೆಯಾಗಿ ಮಾರುಕಟ್ಟೆಗೆ ಬಂತು.

ಒಣ ಕೆಲಸ ಮುಗಿದ ಮೇಲೆ ನೀರು. ಬಕೆಟ್ ಬಿಸಿನೀರಿಗೆ ಒಂದು ಹಿಡಿ ವಾಷಿಂಗ್ ಸೋಡಾ, ಸ್ವಲ್ಪ ಪಾತ್ರೆ ತೊಳೆಯುವ ದ್ರವ. ಸೋಡಾ ಕ್ಷಾರ, ಕ್ಷಾರಕ್ಕೆ ಜಿಡ್ಡು ಸಿಕ್ಕರೆ ಅದರಲ್ಲಿ ಒಂದಿಷ್ಟು ಸಾಬೂನಾಗಿ ನೀರಿನಲ್ಲಿ ಬಿಡುತ್ತದೆ. ನಮ್ಮ ಅಜ್ಜಿ ಬೂದಿಯಿಂದ ಎಣ್ಣೆ ಪಾತ್ರೆ ಬೆಳಗುತ್ತಿದ್ದುದೂ, ಹೋಟೆಲ್ ಅಡುಗೆಮನೆಯಲ್ಲಿ ಎಣ್ಣೆ ಬೆಂಕಿಗೆಂದೇ ಇಡುವ ಪೊಟ್ಯಾಸಿಯಂ ದ್ರಾವಣದ ಸಿಲಿಂಡರ್ ಕೆಲಸ ಮಾಡುವುದೂ ಇದೇ ಗುಣದಿಂದ. ಸೂರನ್ನು ಮೊದಲು ಮುಗಿಸಿ, ಆಮೇಲೆ ಗೋಡೆಯನ್ನು ಕೆಳಗಿನಿಂದ ಮೇಲಕ್ಕೆ ತೊಳೆಯಿರಿ. ಮೇಲಿನಿಂದ ಶುರು ಮಾಡಿದರೆ ಕಪ್ಪು ನೀರು ಒಣ ಗೋಡೆಯ ಮೇಲೆ ಹರಿದು ಗೀರು ಗೀರಾಗಿ ಕೂತುಬಿಡುತ್ತದೆ, ಅದನ್ನು ತೆಗೆಯುವುದು ಕಷ್ಟ. ಸೋಡಾ ನೀರಿಗೊಂದು ಬಕೆಟ್, ಬಟ್ಟೆ ಜಾಲಿಸಲು ಇನ್ನೊಂದು. ಕೊನೆಗೆ ಬರಿ ನೀರಿನಲ್ಲಿ ಒರೆಸಿ, ಸೋಡಾ ಉಳಿದರೆ ಬಣ್ಣ ಕೂರುವುದಿಲ್ಲ. ಅಲ್ಯೂಮಿನಿಯಂ ಪಾತ್ರೆಗೆ ಸೋಡಾ ಮುಟ್ಟಿಸಬೇಡಿ, ಕಪ್ಪಾಗುತ್ತದೆ. ಇನ್ನೊಂದು ಮಾತು, ಇದು ಪ್ರಾಣದ ಮಾತು: ಬೇಗ ಬೆಳ್ಳಗಾಗಲಿ ಎಂದು ಬ್ಲೀಚಿಂಗ್ ಪೌಡರಿಗೆ ಟಾಯ್ಲೆಟ್ ತೊಳೆಯುವ ಆಸಿಡ್ ಬೆರೆಸಬೇಡಿ. ಅದರಿಂದ ಕ್ಲೋರಿನ್ ಅನಿಲ ಏಳುತ್ತದೆ, ಮುಚ್ಚಿದ ಅಡುಗೆಮನೆಯಲ್ಲಿ ಉಸಿರೇ ಕಟ್ಟಬಹುದು.

ಡಿಸ್ಟೆಂಪರ್, ಸುಣ್ಣದ ಗೋಡೆಗಳಿಗೆ ಈ ತೊಳೆತ ತಡೆಯದು, ನೀರಿಗೆ ಬಣ್ಣವೇ ಬಿಡುತ್ತದೆ. ಅವನ್ನು ಒದ್ದೆ ಮಾಡಿ ಕೆರೆದೇ ತೆಗೆಯಬೇಕು. ಒಣಗಿದ್ದಾಗ ಪಾಲಿಶ್ ಪೇಪರ್ ತಿಕ್ಕಿದರೆ ಆ ಧೂಳೆಲ್ಲ ತಿಕ್ಕುವವನ ಶ್ವಾಸಕೋಶಕ್ಕೆ. ಗೋಡೆ ಪೂರ್ತಿ ಒಣಗಿದ ಮೇಲೆ ಆಯಿಲ್ ಪ್ರೈಮರ್ ಅಥವಾ ಕಲೆ ತಡೆಯುವ ಪ್ರೈಮರ್, ಆಮೇಲೆ ಎಮಲ್ಷನ್. ನನ್ನ ಕೆಲಸ ಅಲ್ಲಿಂದ ಶುರು.

ಇಷ್ಟೆಲ್ಲ ತೊಳೆಯುವವರು ಯಾರು? ನಾನು ಹೋದ ಮನೆಗಳಲ್ಲಿ ಹೆಚ್ಚಾಗಿ ಪಾತ್ರೆ, ಕಸಕ್ಕೆಂದು ತಿಂಗಳ ಸಂಬಳಕ್ಕಿರುವ ಹೆಂಗಸು. ಸೆರಗನ್ನು ಮೂಗಿಗೆ ಸುತ್ತಿಕೊಂಡು, ಬರಿಗೈಯಲ್ಲಿ, ಸ್ಟೂಲಿನ ಮೇಲೆ ಹತ್ತಿ ಉಜ್ಜುತ್ತಿರುತ್ತಾರೆ. ಮೇಲ್ಗಡೆಯಿಂದ ಕಪ್ಪು ನೀರು ಮೊಣಕೈವರೆಗೆ ಇಳಿಯುತ್ತಿರುತ್ತದೆ. “ಇದಕ್ಕೆ ಬೇರೆ ದುಡ್ಡು ಕೊಡ್ತಾರೇನಕ್ಕ?” ಎಂದು ಕೇಳಿದರೆ “ಊಟ ಕೊಡ್ತಾರಣ್ಣ” ಎಂದವರಿದ್ದಾರೆ. ನನಗೆ ಬಹಳ ನೋವಾಗುವ ಮಾತು ಇದು. ಅದೇ ಗೋಡೆಗೆ ಬಣ್ಣ ಬಳಿಯಲು ಬರುವ ನನ್ನ ಹುಡುಗರಿಗೆ ದಿನಗೂಲಿ ಇದೆ, ಚಹಾ ಇದೆ, ಬೆಲೆ ಮಾತಾಡುವ ಹಕ್ಕಿದೆ. ಅವರಿಗಿಂತ ಹೆಚ್ಚು ಅಪಾಯದ ಕೆಲಸ ಮಾಡಿದವರಿಗೆ ಯಾವುದೂ ಇಲ್ಲ.

ಅಪಾಯ ಎಂಬ ಮಾತನ್ನು ತಿಳಿದೇ ಬರೆಯುತ್ತಿದ್ದೇನೆ. ಲಂಡನ್ನಿನ ಶಸ್ತ್ರವೈದ್ಯ ಪರ್ಸಿವಲ್ ಪಾಟ್ 1775ರಲ್ಲೇ, ಚಿಮಣಿ ಗುಡಿಸುವವರ ವೃಷಣಚೀಲದ ಕ್ಯಾನ್ಸರಿಗೆ ಮಸಿಯೇ ಕಾರಣ ಎಂದು ಗುರುತಿಸಿದ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಇಂಥ ಕೆಲಸದಲ್ಲಿ ಮೈಗೆ ಹತ್ತುವ ಮಸಿಯನ್ನು ಮನುಷ್ಯರಿಗೆ ಕ್ಯಾನ್ಸರ್ ತರುವ ಮೊದಲ ಗುಂಪಿನಲ್ಲಿ ಇಟ್ಟಿದೆ. ಒಂದು ದಿನ ಗೋಡೆ ತೊಳೆದವರಿಗೆ ಆ ಕಾಯಿಲೆ ಬಂದೇಬಿಡುತ್ತದೆ ಎಂದಲ್ಲ. ಚಿಮಣಿಯ ಹುಡುಗರು ವರ್ಷಗಟ್ಟಲೆ ಮಸಿಯಲ್ಲೇ ಬದುಕಿದವರು. ಆದರೆ ಮನೆಯಿಂದ ಮನೆಗೆ ಹೋಗಿ ತೊಳೆಯುವವರಿಗೂ ಕೆರೆಯುವ ಪೇಂಟರುಗಳಿಗೂ ಇದು ಒಂದು ದಿನದ ಕೆಲಸವೂ ಅಲ್ಲ. ಉಬ್ಬಸ ಇದ್ದವರಿಗೆ ಅದೇ ರಾತ್ರಿ ದಮ್ಮು ಕಟ್ಟುತ್ತದೆ, ಸೋಡಾ ನೀರಿಗೆ ಬೆರಳ ಸಂದು ಬಿರಿಯುತ್ತದೆ. ಸೆರಗಾಗಲಿ ಕರವಸ್ತ್ರವಾಗಲಿ ಆ ಸಣ್ಣ ಕಣಗಳನ್ನು ತಡೆಯುವುದಿಲ್ಲ. ಮುಖಕ್ಕೆ ಸರಿಯಾಗಿ ಕೂರುವ ಎನ್95 ಮಾಸ್ಕ್, ಮೊಣಕೈವರೆಗಿನ ರಬ್ಬರ್ ಗ್ಲೌಸ್, ಕನ್ನಡಕ, ತುಂಬುತೋಳಿನ ಹಳೆ ಅಂಗಿ ಬೇಕೇ ಬೇಕು. ಒಂದು ಲೀಟರ್ ಒಳ್ಳೆಯ ಎಮಲ್ಷನ್ ಬೆಲೆಯ ಆಸುಪಾಸಿನಲ್ಲೇ ಇಷ್ಟೂ ಸಿಗುತ್ತದೆ.

ದುಡ್ಡಿನ ಮಾತಿಗೆ ಬಂದರೆ, ಗ್ಯಾಸ್ ಕಂಪನಿಗಳ ವಿಮೆ ಇದೆಯಲ್ಲ ಎಂದು ಕೆಲವರು ಕೇಳುತ್ತಾರೆ. ಇದೆ, ನೋಂದಾಯಿತ ವಿಳಾಸದಲ್ಲಿ ಆಸ್ತಿ ಹಾನಿಗೆ ಒಂದು ಅವಘಡಕ್ಕೆ 2 ಲಕ್ಷ ರೂಪಾಯಿವರೆಗೆ. ಆದರೆ ಅದು ಬೆಂಕಿಗೆ ಗ್ಯಾಸೇ ಮೂಲ ಕಾರಣವಾದಾಗ. ಎಣ್ಣೆ ಕಾದು ಹೊತ್ತಿದ್ದಕ್ಕೆ ಅದನ್ನು ನಂಬಿಕೊಳ್ಳಬೇಡಿ. ಅದಕ್ಕೆ ಮನೆ ವಿಮೆ ಬೇಕು. 2021ರ ಏಪ್ರಿಲ್ 1ರಿಂದ ‘ಭಾರತ್ ಗೃಹ ರಕ್ಷಾ’ ಹೆಸರಿನಲ್ಲಿ ಒಂದೇ ಮಾದರಿಯ ಪಾಲಿಸಿ ಬಂದಿದೆ, ಬಾಡಿಗೆದಾರರೂ ತಮ್ಮ ಸಾಮಾನುಗಳಿಗೆ ಮಾಡಿಸಿಕೊಳ್ಳಬಹುದು. ತೊಳೆಯುವ ಮುಂಚೆ ಫೋಟೊ ತೆಗೆಯಿರಿ ಎಂದದ್ದು ಇದಕ್ಕೇ. ಅವಸರದಲ್ಲಿ ಬಣ್ಣ ಹೊಡೆಸಿದವರ ಹತ್ತಿರ ಸರ್ವೇಯರಿಗೆ ತೋರಿಸಲು ಏನೂ ಉಳಿದಿರುವುದಿಲ್ಲ.

ಅಗ್ನಿಶಾಮಕ ಸಿಬ್ಬಂದಿ ಜೀವ ಒತ್ತೆಯಿಟ್ಟು ಬೆಂಕಿ ಆರಿಸುತ್ತಾರೆ, ಅವರ ಮೇಲೆ ಇನ್ನೊಂದು ಹೊರೆ ಹೊರಿಸಲು ನನಗೆ ಮನಸ್ಸಿಲ್ಲ. ಆದರೂ ಹೊರಡುವಾಗ ಮನೆಯವರ ಕೈಗೆ ಕನ್ನಡದಲ್ಲಿ ಮುದ್ರಿಸಿದ ಒಂದು ಹಾಳೆ ಕೊಡುವ ಪದ್ಧತಿ ಬರಬೇಕು: ಯಾವುದನ್ನು ಮುಟ್ಟಬಾರದು, ಯಾವ ತಿನಿಸನ್ನು ಎಸೆಯಬೇಕು, ಹೇಗೆ ತೊಳೆಯಬೇಕು. ಅಮೆರಿಕದ ಅಗ್ನಿ ಆಡಳಿತ ಸಂಸ್ಥೆ ‘ಬೆಂಕಿಯ ನಂತರ’ ಎಂಬ ಅರ್ಥದ ಹೆಸರಿನಲ್ಲಿ ಇಂಥ ಪುಸ್ತಿಕೆಯನ್ನೇ ಹೊರತಂದಿದೆ. ಗ್ಯಾಸ್ ಏಜೆನ್ಸಿಗಳು ಸಿಲಿಂಡರ್ ಜೊತೆಗೇ ಇದನ್ನು ಮನೆಮನೆಗೆ ತಲುಪಿಸಬಹುದು. ಮುದ್ರಣಕ್ಕೆ ಆಗುವ ಖರ್ಚು ದೊಡ್ಡದಲ್ಲ.

ಅಲ್ಲಿಯವರೆಗೆ ಮನೆಯವರಲ್ಲಿ ನನ್ನ ವಿನಂತಿ ಇಷ್ಟೇ. ತೊಳೆಯುವ ಕೆಲಸಕ್ಕೆ ಬಂದವರಿಗೆ ಪೇಂಟರಿಗೆ ಕೊಡುವ ದಿನಗೂಲಿಯನ್ನೇ ಕೊಡಿ, ಮಾಸ್ಕ್ ಮತ್ತು ಗ್ಲೌಸ್ ನೀವೇ ತಂದುಕೊಡಿ. ಅಷ್ಟು ದುಡ್ಡಿಲ್ಲವೆಂದಾದರೆ ನನಗೆ ಹೇಳಿ. ಎರಡು ಕೋಟ್ ಬದಲು ಒಂದೇ ಕೋಟ್ ಹೊಡೆಯುತ್ತೇನೆ, ಉಳಿದ ದುಡ್ಡನ್ನು ಆ ತಾಯಿಯ ಕೈಗೆ ಕೊಡಿ.