ಪರೀಕ್ಷೆ ಮುಗಿದ ಮೇಲೆ ಕರಡಿ ಯಾಕೆ?

'ಪ್ರಾಣಿಮೂಲದ ನಾಟಿ ಮದ್ದನ್ನು ಹೀಗಳೆಯಬೇಡಿ, ಮೊದಲು ಪರೀಕ್ಷಿಸಿ' ಎನ್ನುವವರ ಮಾತು ಸರಿಯೇ. ಪರೀಕ್ಷೆ ಮುಗಿದ ಮೇಲೆ? ಕರಡಿಯ ಪಿತ್ತದಿಂದ ಉರ್ಸೋಡಿಯಾಕ್ಸಿಕೋಲಿಕ್ ಆಮ್ಲವನ್ನು ಜಪಾನಿನಲ್ಲಿ 1927ರಲ್ಲೇ ಬೇರ್ಪಡಿಸಿ ಹೆಸರಿಟ್ಟರು. ಮದ್ದು ಸುಳ್ಳಲ್ಲ, ಪಿತ್ತಕೋಶದ ಕೆಲವು ಬಗೆಯ ಕಲ್ಲಿಗೆ, ಯಕೃತ್ತಿನ ಕೆಲವು ಕಾಯಿಲೆಗೆ ವೈದ್ಯರು ಇಂದಿಗೂ ಬರೆದುಕೊಡುತ್ತಾರೆ. ಮುಂಬಯಿ, ಪುಣೆಯ ಮೆಡಿಕಲ್ ಶಾಪಿನಲ್ಲಿ ಸಿಗುವ ಆ ಮಾತ್ರೆಗೆ ಕರಡಿ ಬೇಕಿಲ್ಲ. ಕಸಾಯಿಖಾನೆಯಲ್ಲಿ ಉಳಿಯುವ ದನದ ಪಿತ್ತದಿಂದಲೇ ಅದನ್ನು ತಯಾರಿಸಬಹುದು. (ಸಸ್ಯಾಹಾರಿಗಳಿಗೆ ಇದನ್ನು ಯಾರೂ ಹೇಳುವುದಿಲ್ಲ, ಇರಲಿ.) ಆದರೂ ಚೀನಾದಲ್ಲಿ ಕರಡಿಗಳನ್ನು ಪಂಜರದಲ್ಲಿಟ್ಟು, ಹೊಟ್ಟೆಗೆ ತೂತು ಮಾಡಿ ಪಿತ್ತ ಬಸಿಯುತ್ತಾರೆ. 2020ರಲ್ಲಿ ಅಲ್ಲಿನ ಸರ್ಕಾರ ಕೋವಿಡ್ ಚಿಕಿತ್ಸೆಯ ಪಟ್ಟಿಗೆ ಕರಡಿಪಿತ್ತದ ಇಂಜೆಕ್ಷನ್ನನ್ನೂ ಸೇರಿಸಿತು. ಪರೀಕ್ಷೆಗೆ ಹಣ ಕೇಳುವವರು, ಫಲಿತಾಂಶ ಏನೇ ಬರಲಿ ಪ್ರಾಣಿಯನ್ನು ಬಿಟ್ಟುಬಿಡುತ್ತೇವೆಂದು ಅರ್ಜಿಯಲ್ಲೇ ಬರೆದುಕೊಡಲಿ.